ಪೌತಿ ಖಾತೆ ಆಗಲಿ, ಮಗಳ ಹೆಸರು ಬಿಟ್ಟಲ್ಲ

ರಾಜ್ಯದ ಲಕ್ಷಾಂತರ ಪಹಣಿಗಳಲ್ಲಿ ಇಂದಿಗೂ ಸತ್ತವರೇ ಹಕ್ಕುದಾರರು. ಅವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸಲು ಕಂದಾಯ ಇಲಾಖೆ ಇ-ಪೌತಿ ಆಂದೋಲನಕ್ಕೆ ಇಳಿದಿದೆ. ಬೇಕಾದ ಕೆಲಸವೇ. ಪೌತಿ ಆಗದಿದ್ದರೆ ಸಾಲಕ್ಕೂ ಪರಿಹಾರಕ್ಕೂ ತೊಡಕು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮೊದಲು ಏಳುವ ತಕರಾರೇ ಬೇರೆ: "ಮದ್ವೆ ಮಾಡಿ ಕಳ್ಸಿದ್ದೀವಲ್ಲ, ಅವ್ಳ ಹೆಸ್ರು ಯಾಕೆ?"

ಯಾಕೆಂದರೆ ಕಾನೂನು ಹಾಗಿದೆ. ವಿಲ್ ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಪಿತ್ರಾರ್ಜಿತದಲ್ಲೂ ಮಗಳು ಹುಟ್ಟಿನಿಂದಲೇ ಪಾಲುದಾರಳು ಎಂದು 2005ರ ತಿದ್ದುಪಡಿ ಹೇಳಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತಪಡಿಸಿತು.

ನಡೆಯುವುದೇನು? ಹನ್ನೊಂದನೇ ದಿನದ ತಿಥಿಗೆ ಬಂದ ಮಗಳ ಮುಂದೆ, ಬಾಡೂಟ ಮುಗಿಯುತ್ತಿದ್ದಂತೆ, ಒಂದು ಕಾಗದ ಬರುತ್ತದೆ. ಅಣ್ಣಂದಿರು ನಿಂತಿದ್ದಾರೆ, ಊರ ಹಿರಿಯರು ಕೂತಿದ್ದಾರೆ. ತವರು ತಪ್ಪೀತೆಂಬ ಭಯಕ್ಕೆ ಆಕೆ ಸಹಿ ಹಾಕುತ್ತಾಳೆ. ಕೆಲವೆಡೆ ಅಷ್ಟೂ ಇಲ್ಲ; ವಂಶವೃಕ್ಷದಲ್ಲಿ ಅವಳ ಹೆಸರೇ ಇರುವುದಿಲ್ಲ. ಮಂಡ್ಯ ಜಿಲ್ಲೆಯ ನೋಡೆಕೊಪ್ಪಲಿನಲ್ಲಿ ತೆಗೆದ 'ತಿಥಿ' ಚಿತ್ರದಲ್ಲಿ ಜಮೀನು ಮಾರಲು ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸಿದ ತಮ್ಮಣ್ಣನನ್ನು ಕಂಡು ನಕ್ಕೆವು. ಅಕ್ಕತಂಗಿಯರಿಲ್ಲ ಎಂದು ಬರೆಸುವವನು ಮಾಡುವುದೂ ಅದನ್ನೇ.

ಜಂಟಿ ಖಾತೆಯಾದರೆ ಪ್ರತಿ ಸಾಲಕ್ಕೂ ಎಲ್ಲರ ಸಹಿಗೆ ಅಲೆಯಬೇಕು ಎಂಬ ದೂರು ಸುಳ್ಳಲ್ಲ. ಅದಕ್ಕೆ ದಾರಿ ಹೆಸರು ಬಿಡುವುದಲ್ಲ. ಮೊದಲು ಎಲ್ಲರ ಹೆಸರಿಗೂ ಪೌತಿ ಆಗಲಿ, ಆಮೇಲೆ ಪಾಲುಗಳ ಗಡಿ ತೋರಿಸುವ 11-ಇ ನಕ್ಷೆ ಮಾಡಿಸಿ ವಿಭಾಗ ಪತ್ರ ನೋಂದಾಯಿಸಿಕೊಳ್ಳಲಿ. ಪಾಲು ಬೇಡವೆನ್ನುವ ಮಗಳು ಉಪನೋಂದಣಾಧಿಕಾರಿಯ ಮುಂದೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲಿ. ತಿಥಿಮನೆಯ ಬಿಳಿ ಹಾಳೆ ಅದಕ್ಕೆ ಸಾಟಿಯಲ್ಲ.

ಮನೆಯವರು ಮಾಡಬೇಕಾದ್ದು ಕಷ್ಟವೇನಲ್ಲ: 21 ದಿನದೊಳಗೆ ಮರಣ ನೋಂದಣಿ, ಯಾರನ್ನೂ ಬಿಡದ ವಂಶವೃಕ್ಷ, ನಾಡಕಚೇರಿಗೆ ಅರ್ಜಿ. ವರ್ಷ ದಾಟಿಸಿದರೆ ಸಾವು ನೋಂದಾಯಿಸಲೂ ದಂಡಾಧಿಕಾರಿಯ ಆದೇಶ ಬೇಕು.

ಕಚೇರಿಯವರದೂ ಪಾಲಿದೆ. ಗ್ರಾಮ ಆಡಳಿತ ಅಧಿಕಾರಿ ಮಹಜರಿನಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ಅಕ್ಕಪಕ್ಕದವರನ್ನು ಕೇಳಿ ಬರೆದುಕೊಳ್ಳಲಿ. ನೋಟಿಸು ಮಗಳ ಗಂಡನ ಮನೆಗೂ ತಲುಪಲಿ. ಇಷ್ಟು ಖಾತೆ ಮಾಡಿದೆವು ಎಂದು ಲೆಕ್ಕ ಕೊಡುವ ತಹಶೀಲ್ದಾರರು ಅವುಗಳಲ್ಲಿ ಎಷ್ಟರ ಪಹಣಿಯಲ್ಲಿ, ಹಕ್ಕುದಾರರ ಹೆಸರಿರುವ 9ನೇ ಕಾಲಂನಲ್ಲಿ, ಮಗಳ ಹೆಸರಿದೆ ಎಂಬುದನ್ನೂ ತಾಲ್ಲೂಕುವಾರು ಪ್ರಕಟಿಸಲಿ. ಆ ಲೆಕ್ಕ ಕೊಡದ ಆಂದೋಲನ ಅಣ್ಣತಮ್ಮಂದಿರ ಅನುಕೂಲಕ್ಕೆ ನಡೆದದ್ದು ಎಂದೇ ತಿಳಿಯಬೇಕಾಗುತ್ತದೆ.