ತಕ್ಕಡಿಗೆ ಬಿದ್ದ ಚರಿತ್ರೆ

ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯಲ್ಲಿ, ಪ್ರವರಾ ನದಿಯ ದಂಡೆಯ ಮೇಲೆ, ದೈಮಾಬಾದ್ ಎಂಬ ಪ್ರಾಚೀನ ನೆಲೆಯಿದೆ. 1974ರಲ್ಲಿ ಅಲ್ಲಿ ಗಿಡವೊಂದರ ಬೇರನ್ನು ಅಗೆಯುತ್ತಿದ್ದ ಭಿಲ್ ಕೃಷಿಕನೊಬ್ಬನಿಗೆ ನಾಲ್ಕು ಲೋಹಶಿಲ್ಪಗಳು ದೊರೆತವು: ಜೋಡೆತ್ತು ಕಟ್ಟಿದ ರಥ ಮತ್ತು ಅದನ್ನು ನಡೆಸುವ ಪುರುಷ, ಒಂದು ಖಡ್ಗಮೃಗ, ಒಂದು ಆನೆ, ಒಂದು ಎಮ್ಮೆ. ನಾಲ್ಕರ ತೂಕ ಒಟ್ಟು ಅರವತ್ತು ಕಿಲೋಗೂ ಮಿಕ್ಕಿದ್ದು. ಭಾರತೀಯ ಲೋಹಶಿಲ್ಪದ ಚರಿತ್ರೆಯನ್ನು ಬರೆಯುವ ಯಾರೂ ಇವುಗಳನ್ನು ಬಿಟ್ಟು ಮುಂದೆ ಹೋಗಲಾರರು. ಆದರೆ ಇವು ಯಾವ ಕಾಲದವು ಎಂಬ ಪ್ರಶ್ನೆ ಮಾತ್ರ ಇಂದಿಗೂ ನಿರ್ವಿವಾದವಾಗಿ ಇತ್ಯರ್ಥಗೊಂಡಿಲ್ಲ. ಎಂ. ಎನ್. ದೇಶಪಾಂಡೆ, ಎಸ್. ಆರ್. ರಾವ್ ಮೊದಲಾದವರು ಇವನ್ನು ಉತ್ತರ ಹರಪ್ಪ ಕಾಲಕ್ಕೆ ಸೇರಿಸಿದರು. ಡಿ. ಪಿ. ಅಗರವಾಲರು ಲೋಹದಲ್ಲಿ ಶೇಕಡಾ ಒಂದಕ್ಕೂ ಹೆಚ್ಚು ಆರ್ಸೆನಿಕ್ ಇರುವುದನ್ನು ಎತ್ತಿ ತೋರಿಸಿ, ಆ ಕಾಲದ ಇತರ ತಾಮ್ರವಸ್ತುಗಳಿಗೆ ಇದು ಹೊಂದುವುದಿಲ್ಲವೆಂದೂ ಶಿಲ್ಪಗಳು ಬಹಳ ಈಚಿನವಿರಬಹುದೆಂದೂ ವಾದಿಸಿದರು. ಎರಡು ಪಕ್ಷಗಳ ನಡುವಿನ ಅಂತರ ಸಾವಿರ ವರ್ಷಕ್ಕೂ ಹೆಚ್ಚು. ಪುರಾತತ್ತ್ವಜ್ಞರು ಆ ಜಾಗಕ್ಕೆ ಹೋದರು, ಅಗೆದರು, ಮುಂದಿನ ವರ್ಷಗಳಲ್ಲಿ ಎಸ್. ಎ. ಸಾಲಿಯವರ ನೇತೃತ್ವದಲ್ಲಿ ವಿಸ್ತಾರವಾದ ಉತ್ಖನನವೂ ನಡೆಯಿತು. ಆದರೂ ಶಿಲ್ಪಗಳು ಮಣ್ಣಿನ ಯಾವ ಸ್ತರದಲ್ಲಿ, ಯಾವ ಮಡಕೆಚೂರಿನ ಪಕ್ಕದಲ್ಲಿ ಮಲಗಿದ್ದವು ಎಂಬುದನ್ನು ಕಣ್ಣಾರೆ ಕಂಡ ಸಾಕ್ಷಿ ಲೋಕದಲ್ಲಿ ಒಬ್ಬನೇ. ಅವನು ಬೇರು ಅಗೆದ ಕೃಷಿಕ.

ನಾಡಿನ ಕಾನೂನು ಅಂಥವನನ್ನು ಸಾಕ್ಷಿಯೆಂದು ಎಣಿಸುವುದಿಲ್ಲ, ಶಂಕಿತನೆಂದು ಎಣಿಸುತ್ತದೆ. ವಿವಾದವಿರುವುದು ಇಲ್ಲಿಯೇ.

1878ರ ಭಾರತೀಯ ನಿಧಿ ಕಾಯಿದೆಯನ್ನು ಓದಿದವರಿಗೆ ಅದರ ಮನೋಧರ್ಮ ಸ್ಪಷ್ಟವಾಗುತ್ತದೆ. ನೆಲದಲ್ಲಿ ಹುದುಗಿದ್ದು, ಹತ್ತು ರೂಪಾಯಿಗೆ ಮೀರಿದ ಬೆಲೆಯುಳ್ಳದ್ದು ದೊರೆತರೆ, ದೊರೆತವನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ವಸ್ತುವನ್ನು ಖಜಾನೆಯಲ್ಲಿರಿಸಬೇಕು ಇಲ್ಲವೆ ಜಾಮೀನು ಕೊಡಬೇಕು. ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆವಾಸ, ದಂಡ, ಪಾಲಿನ ನಷ್ಟ. ಅಂದಿನ ಹತ್ತು ರೂಪಾಯಿ ಎಂದರೆ ಹತ್ತು ತೊಲ ತೂಗುವ ಬೆಳ್ಳಿಯ ನಾಣ್ಯ. ಇಂದು ಆ ಮೊತ್ತಕ್ಕೆ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಹುಟ್ಟುವುದೂ ಕಷ್ಟ. ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಾಗ, ದೊರೆತವನಿಗೆ ಮುಕ್ಕಾಲು ಪಾಲು, ಭೂಮಿಯ ಒಡೆಯನಿಗೆ ಕಾಲು ಪಾಲು. ಸರ್ಕಾರ ತಾನೇ ಪಡೆಯಬಯಸಿದರೆ? ಆಗ ವಸ್ತುವಿನಲ್ಲಿರುವ ಲೋಹದ ಬೆಲೆ ಮತ್ತು ಅದರ ಐದನೆಯ ಒಂದು ಭಾಗವನ್ನು ಕೂಡಿಸಿ ಕೊಡುವ ಅಧಿಕಾರ ಕಲೆಕ್ಟರರಿಗಿದೆ. ಸಮುದ್ರಗುಪ್ತನು ವೀಣೆ ನುಡಿಸುತ್ತಿರುವ ನಾಣ್ಯಕ್ಕೂ ಅಕ್ಕಸಾಲಿಗನ ಮನೆಯ ಚಿನ್ನದ ಚೂರಿಗೂ ಒಂದೇ ತಕ್ಕಡಿ. ಸಹಸ್ರ ವರ್ಷದ ಹಿಂದಿನ ಕಂಚಿನ ಜಿನಬಿಂಬಕ್ಕೆ ಕಂಚಿನ ದರ, ಮೇಲೆ ಶೇಕಡಾ ಇಪ್ಪತ್ತು. ಇಂಥ ಲೆಕ್ಕವನ್ನು ಕೇಳಿದ ರೈತ ತಾಲ್ಲೂಕು ಕಚೇರಿಯ ಮೆಟ್ಟಿಲೇರುವ ಬದಲು ಅಕ್ಕಸಾಲಿಗನ ಕುಲುಮೆಯನ್ನು ಹುಡುಕಿಕೊಂಡು ಹೋದರೆ ಅದರಲ್ಲಿ ಅವನ ದುರಾಸೆಯ ಪಾಲೆಷ್ಟು, ಕಾಯಿದೆಯ ಪಾಲೆಷ್ಟು?

ನ್ಯಾಯಕ್ಕೆ ಒಂದು ಮಾತನ್ನು ಹೇಳಲೇಬೇಕು. ವಸ್ತು ಎಲ್ಲಿ ದೊರೆಯಿತು, ಎಂದು ದೊರೆಯಿತು ಎಂಬುದನ್ನೂ ನೋಟೀಸಿನಲ್ಲಿ ತಿಳಿಸಬೇಕೆಂದು ಆ ಕಾಯಿದೆ ಹೇಳುತ್ತದೆ. ಆದರೆ ಆ ಮಾಹಿತಿ ಹೋಗಿ ಸೇರುವುದು ಕಂದಾಯದ ಕಡತವನ್ನು. ಒಡೆತನ ಇತ್ಯರ್ಥವಾದೊಡನೆ ಕಡತದ ಆಯುಷ್ಯ ಮುಗಿಯುತ್ತದೆ. ಆ ವಿವರವನ್ನು ಪ್ರಕಟಿಸಿ ವಿದ್ವಾಂಸರ ಮುಂದಿಡಬೇಕಾದ ಹೊಣೆ ಅಲ್ಲಿ ಯಾರಿಗೂ ಇಲ್ಲ. ಕರ್ನಾಟಕವು 1962ರಲ್ಲಿ ತನ್ನದೇ ಆದ ನಿಧಿ ಕಾಯಿದೆಯನ್ನು ಮಾಡಿಕೊಂಡಿತು. ಹೊಲದಲ್ಲಿ ದೊರೆತ ಹಿತ್ತಾಳೆಯ ಗಂಟೆ, ತಾಮ್ರದ ಕಾಸು, ಕಬ್ಬಿಣದ ಈಟಿಮೊನೆಗಳನ್ನು ದಾಖಲಿಸುವ ಸಾರ್ವಜನಿಕ ಕೋಶವೊಂದು ಅದರ ಬಳಿಕವೂ ಹುಟ್ಟಲಿಲ್ಲ.

ಕುಲುಮೆಯ ಮಾತು ಉತ್ಪ್ರೇಕ್ಷೆಯಲ್ಲ. 1946ರಲ್ಲಿ ಭರತಪುರ ಸಂಸ್ಥಾನದ ಬಯಾನಾ ಸಮೀಪದ ಹಳ್ಳಿಯೊಂದರಲ್ಲಿ ಮಕ್ಕಳ ಕೈಗೆ ತಾಮ್ರದ ಪಾತ್ರೆಯೊಂದು ಸಿಕ್ಕಿತು. ಅದರಲ್ಲಿದ್ದುದು ಗುಪ್ತರ ಚಿನ್ನದ ನಾಣ್ಯಗಳು, ಎರಡು ಸಾವಿರದ ನೂರಕ್ಕೂ ಹೆಚ್ಚು. ಸಂಸ್ಥಾನಕ್ಕೆ ಸುದ್ದಿ ಮುಟ್ಟುವ ಮೊದಲೇ 285 ನಾಣ್ಯಗಳು ಕರಗಿಹೋಗಿದ್ದವು. ಉಳಿದ 1,821 ನಾಣ್ಯಗಳನ್ನು ಎ. ಎಸ್. ಅಳ್ತೇಕರರು ಒಂದೊಂದಾಗಿ ಪರಿಶೀಲಿಸಿ 1954ರಲ್ಲಿ ಸೂಚಿಯನ್ನು ಪ್ರಕಟಿಸಿದರು. ಎರಡನೆಯ ಚಂದ್ರಗುಪ್ತನ ‘ಚಕ್ರವಿಕ್ರಮ’ ಮಾದರಿ ಬೆಳಕಿಗೆ ಬಂದದ್ದು ಈ ರಾಶಿಯಲ್ಲಿದ್ದ ಒಂದೇ ಒಂದು ನಾಣ್ಯದಿಂದ. ಕರಗಿಹೋದ 285ರಲ್ಲಿ ಅಂಥ ಎಷ್ಟು ಒಂಟಿ ನಾಣ್ಯಗಳಿದ್ದವೋ ಯಾರು ಬಲ್ಲರು!

ಚಿನ್ನದ ಕಥೆ ಹೀಗಾದರೆ, ತಾಮ್ರದ ಕಥೆ ಇನ್ನೂ ದೀರ್ಘವಾದದ್ದು. 1870ರಲ್ಲಿ ಮಧ್ಯಪ್ರದೇಶದ ಬಾಲಾಘಾಟ್ ಪ್ರದೇಶದ ಗುಂಗೇರಿಯಾದಲ್ಲಿ ದನಗಾಹಿ ಹುಡುಗರ ಮೂಲಕ 424 ತಾಮ್ರದ ಆಯುಧಗಳೂ 102 ಬೆಳ್ಳಿಯ ತಗಡುಗಳೂ ಹೊರಬಂದವು. ಗಂಗಾ ಯಮುನೆಯರ ಬಯಲಿನಲ್ಲಿ ಇಂಥ ತಾಮ್ರನಿಧಿಗಳು ರೈತರ ನೇಗಿಲಿಗೆ ಎಡತಾಕುತ್ತಲೇ ಬಂದಿವೆ. ಇವುಗಳನ್ನು ಬಳಸಿದ ಜನ ಯಾರು ಎಂಬ ಚರ್ಚೆ ಶತಮಾನಕ್ಕೂ ಮೀರಿ ನಡೆಯಿತು. ಕಾರಣ ಅತಿ ಸರಳ: ತಾಮ್ರವನ್ನು ಎತ್ತಿಟ್ಟವರು ಅದರ ಪಕ್ಕದ ಕಾವಿಬಣ್ಣದ ಮಡಕೆಚೂರನ್ನು ಎಸೆದಿದ್ದರು. ಬಿ. ಬಿ. ಲಾಲ್ ಅವರು 1951ರಲ್ಲಿ ಆ ಮಡಕೆಗೂ ಈ ತಾಮ್ರಕ್ಕೂ ನಂಟನ್ನು ಊಹಿಸಿದರು. ಇಟಾವಾ ಜಿಲ್ಲೆಯ ಸೈಪೈಯಲ್ಲಿ ಎರಡೂ ಒಂದೆಡೆ ದೊರೆತು ಆ ಊಹೆಗೆ ಬಲ ಬರಲು ಮತ್ತೆ ಎರಡು ದಶಕಗಳು ಬೇಕಾದವು.

ಇದೆಲ್ಲ ಪುರಾತತ್ತ್ವದವರ ಪಾಡು, ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದ ಏನಾಗಬೇಕು ಎಂದು ಕೇಳುವವರಿದ್ದಾರೆ. ತಾಮ್ರಶಾಸನವೂ ನೆಲದಿಂದ ಬಂದ ಲೋಹವಸ್ತುವೇ ಎಂಬುದನ್ನು ಅವರು ಮರೆತಿರುತ್ತಾರೆ. ಯಶಸ್ತಿಲಕದ ಕರ್ತೃ ಸೋಮದೇವಸೂರಿಗೂ ಲೆಂಬುಳಪಾಟಕದ ಶುಭಧಾಮ ಜಿನಾಲಯಕ್ಕೂ ಇದ್ದ ಸಂಬಂಧ ತಿಳಿದುಬರುವುದು ವೇಮುಲವಾಡದ ಚಾಲುಕ್ಯ ಅರಿಕೇಸರಿಯ 966ರ ಪರ್ಭಣಿ ತಾಮ್ರಪಟಗಳಿಂದ. ಆ ಹಲಗೆಗಳು ಯಾವುದೋ ಕಂಚುಗಾರನ ಮೂಸೆಗೆ ಬಿದ್ದಿದ್ದರೆ ಪಂಪನ ಆಶ್ರಯದಾತರ ವಂಶಚರಿತ್ರೆಯಲ್ಲಿ ಒಂದು ಅಧ್ಯಾಯವೇ ಕುಂದುತ್ತಿತ್ತು.

ಆದರೆ ಉಳಿದುಬಂದ ಶಾಸನಗಳ ಸ್ಥಿತಿಯಾದರೂ ಏನು? ರಾಷ್ಟ್ರಕೂಟ ಮೂರನೆಯ ಗೋವಿಂದನ ಶಕ 726ರ ಕನ್ನಡ ತಾಮ್ರಶಾಸನವನ್ನು ವಿದ್ವಾಂಸರು ಗುರುತಿಸುವುದು ಬ್ರಿಟಿಷ್ ಮ್ಯೂಸಿಯಂ ಶಾಸನವೆಂಬ ಹೆಸರಿನಿಂದ. ಶಾಸನಕ್ಕೆ ಅದು ದೊರೆತ ಊರಿನ ಹೆಸರಿಡುವುದು ವಾಡಿಕೆ. ಇಲ್ಲಿ ಅದು ಬೀಡುಬಿಟ್ಟ ಕಪಾಟಿನ ಹೆಸರು ನಿಂತಿತು. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಇವರ ನಡುವೆ ನಡೆದ ವಾದ ಎಲ್ಲರಿಗೂ ತಿಳಿದದ್ದೇ. ಒಬ್ಬರು ಅವುಗಳಲ್ಲಿ ಬಹುಪಾಲನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು, ಇನ್ನೊಬ್ಬರು ಸಮರ್ಥಿಸಿದರು. ಇಬ್ಬರ ಕೈಯಲ್ಲೂ ಇದ್ದ ಪ್ರಮಾಣ ಲಿಪಿ, ತಿಥಿ, ವಂಶಾವಳಿ. ಹಲಗೆಗಳು ನೆಲದಡಿ ಕಲ್ಲಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಸ್ಥಿತಿಯಲ್ಲಿ ದೊರೆತವೋ, ತಲೆಮಾರುಗಳಿಂದ ಅಗ್ರಹಾರದ ಮನೆಯೊಂದರಲ್ಲಿದ್ದವೋ ಎಂಬ ಪ್ರಶ್ನೆ ಕೂಟಶಾಸನದ ನಿರ್ಣಯದಲ್ಲಿ ಅಲ್ಪವಾದದ್ದಲ್ಲ. ಆಗ ಬಹುಮಟ್ಟಿಗೆ ದಾಖಲಾದದ್ದು ಹಲಗೆ ಯಾರ ವಶದಲ್ಲಿದೆ ಎಂಬುದು. ಅವರ ವಶಕ್ಕೆ ಅದು ಹೇಗೆ ಬಂತು ಎಂಬುದು ಅಪರೂಪಕ್ಕೆ.

ಜಿನಬಿಂಬಗಳತ್ತ ತಿರುಗಿದರೆ, ಇಲ್ಲಿ ಆಕ್ಷೇಪಣೆ ಸರ್ಕಾರದ ಮೇಲೆ ಮಾತ್ರ ಹೊರಿಸುವಂಥದಲ್ಲ. 1931ರಲ್ಲಿ ಬಿಹಾರದ ಬಕ್ಸರ್ ಬಳಿಯ ಚೌಸಾದಲ್ಲಿ ಹದಿನೆಂಟು ಜೈನ ಕಂಚುಗಳು ದೊರೆತವು: ಹದಿನಾರು ತೀರ್ಥಂಕರ ಬಿಂಬಗಳು, ಒಂದು ಧರ್ಮಚಕ್ರ, ಒಂದು ಅಶೋಕವೃಕ್ಷ. ಕೆಲವು ಕುಷಾಣರ ಕಾಲದವು, ಕೆಲವು ಗುಪ್ತರ ಕಾಲದವು. ಶತಮಾನಗಳ ಅಂತರದ ಬಿಂಬಗಳನ್ನು ಒಂದೇ ಕಡೆ ಒಟ್ಟಿಗೆ ಇರಿಸಿದ್ದರು ಎಂಬುದೇ ಆ ಸಂಗ್ರಹ ಹೇಳುವ ಬಹು ದೊಡ್ಡ ಸಂಗತಿ. ನಿಧಿ ಕಾಯಿದೆಯ ಮುಕ್ಕಾಲು-ಕಾಲು ಪಾಲಿನ ನ್ಯಾಯವನ್ನು ಅದಕ್ಕೆ ಅನ್ವಯಿಸಿದ್ದರೆ ಹದಿಮೂರೂವರೆ ಬಿಂಬ ಒಬ್ಬನಿಗೆ, ನಾಲ್ಕೂವರೆ ಇನ್ನೊಬ್ಬನಿಗೆ! 1951ರಲ್ಲಿ ಬರೋಡದ ಅಕೋಟಾದಲ್ಲಿ ಹೊರಬಂದ 68 ಕಂಚುಗಳೂ ಹಾಗೆಯೇ. ಯು. ಪಿ. ಶಾಹ ಅವರು ಪಶ್ಚಿಮ ಭಾರತದ ಕಂಚುಶಿಲ್ಪಕ್ಕೆ ಒಂದು ಅನುಕ್ರಮವನ್ನು ಕಟ್ಟಲು ಸಾಧ್ಯವಾದದ್ದು ಅವೆಲ್ಲ ಒಂದೇ ನೆಲೆಯವೆಂದು ತಿಳಿದಿದ್ದುದರಿಂದ. ಅದೇ ಬಿಂಬಗಳು ಅರವತ್ತೆಂಟು ಅಂಗಡಿಗಳಲ್ಲಿ ಸಿಕ್ಕಿದ್ದರೆ ಅರವತ್ತೆಂಟು ಊಹೆಗಳು ಹುಟ್ಟುತ್ತಿದ್ದವು. ಶ್ರವಣಬೆಳಗೊಳದ್ದೆಂದು ಹೇಳಲಾಗುವ, ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿರುವ ಬಾಹುಬಲಿಯ ಸುಪ್ರಸಿದ್ಧ ಕಂಚಿನ ಬಿಂಬದ ಕಾಲವನ್ನು ಇಂದಿಗೂ ಶೈಲಿಯ ಬಲದಿಂದಲೇ ನಿರ್ಣಯಿಸಬೇಕಾಗಿದೆ.

ಇನ್ನು ಹೊಲದಲ್ಲಿ ಬಿಂಬವೊಂದು ಕಂಡರೆ ಶ್ರಾವಕರು ಮಾಡುವುದೇನು? ವಾದ್ಯದೊಡನೆ ಬಸದಿಗೆ ತರುತ್ತಾರೆ. ಹುಣಿಸೆಹಣ್ಣು ಹಾಕಿ ತಿಕ್ಕುತ್ತಾರೆ. ಕಿಲುಬಿನೊಂದಿಗೆ ಮಣ್ಣಿನ ಗುರುತು, ಸುತ್ತಿದ ಬಟ್ಟೆಯ ಅಚ್ಚು, ಪಾದಪೀಠದ ಸವೆದ ಅಕ್ಷರ ಎಲ್ಲವೂ ಹೋಗುತ್ತವೆ. ಆ ಅಕ್ಷರಗಳಲ್ಲಿ ಮಾಡಿಸಿದವರ ಹೆಸರಿರಬಹುದು, ಗಣ-ಗಚ್ಛವಿರಬಹುದು, ಬೇರೆಲ್ಲೂ ಉಲ್ಲೇಖವಿಲ್ಲದ ಆಚಾರ್ಯರೊಬ್ಬರಿರಬಹುದು. ಬಿಂಬವನ್ನು ಪೂಜೆಯಿಂದ ಕಸಿದು ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ಯಾರೂ ಕೇಳುತ್ತಿಲ್ಲ. ಮೊದಲ ಅಭಿಷೇಕಕ್ಕೆ ಮುನ್ನ ನಾಲ್ಕು ದಿಕ್ಕಿನಿಂದ ಛಾಯಾಚಿತ್ರ, ಅಳತೆ, ತೂಕ, ಅಕ್ಷರಗಳ ಪಡಿಯಚ್ಚು, ದೊರೆತ ಜಾಗದ ವಿವರ, ಇಷ್ಟಕ್ಕೆ ಒಂದು ದಿನ ಸಾಕು. ಭಕ್ತಿಗೆ ಇದು ಅಡ್ಡಿಯೆನ್ನುವವರು ದಾನಶಾಸನ ಬರೆಸಿದ ಪೂರ್ವಿಕರ ಇಂಗಿತವನ್ನು ಅರಿತಿಲ್ಲ. ಅವರು ಬರೆಸಿದ್ದು ಓದಲೆಂದೇ.

ಕಾಯಿದೆಯನ್ನು ಇನ್ನಷ್ಟು ಬಿಗಿಮಾಡಿದರೆ ಸಾಕೆಂಬ ಪಕ್ಷವೊಂದಿದೆ. ಇಂಗ್ಲೆಂಡಿನ ಅನುಭವ ಇಲ್ಲಿ ಪರಿಶೀಲನಾರ್ಹ. ಅಲ್ಲಿ 1996ರ ನಿಧಿ ಕಾಯಿದೆ 1997ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಅದೇ ವರ್ಷ ಅದರ ಜೊತೆಯಲ್ಲಿ, ಜನರಿಗೆ ದೊರೆತ ಸಣ್ಣಪುಟ್ಟ ಪ್ರಾಚೀನ ವಸ್ತುಗಳನ್ನೆಲ್ಲ ಸ್ವಯಂಪ್ರೇರಣೆಯಿಂದ ದಾಖಲಿಸುವ ಯೋಜನೆಯೂ ಪ್ರಾರಂಭವಾಯಿತು. 2003ರ ಹೊತ್ತಿಗೆ ಅದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳನ್ನು ವ್ಯಾಪಿಸಿತು. ಪ್ರಾಂತಗಳಲ್ಲಿ ಇದಕ್ಕೆಂದೇ ಅಧಿಕಾರಿಗಳಿದ್ದಾರೆ. ಅವರು ವಸ್ತುವನ್ನು ನೋಡಿ, ಬರೆದುಕೊಂಡು, ತಂದವನಿಗೇ ಹಿಂದಿರುಗಿಸುತ್ತಾರೆ. ಹೀಗೆ ದಾಖಲಾದ ವಸ್ತುಗಳ ಸಂಖ್ಯೆ ಹದಿನೈದು ಲಕ್ಷವನ್ನು ದಾಟಿದೆ. ಬೆಲೆಯಿಲ್ಲದ ತಾಮ್ರದ ಕೊಕ್ಕೆ, ಮುರಿದ ಗುಂಡಿಗಳಿಗೂ ಅಲ್ಲಿ ಒಂದು ಪುಟವಿದೆ.

ಆ ವ್ಯವಸ್ಥೆ ದೋಷಮುಕ್ತವಲ್ಲ. 2010ರಲ್ಲಿ ಕಂಬ್ರಿಯಾದ ಕ್ರಾಸ್ಬಿ ಗ್ಯಾರೆಟ್‌ನಲ್ಲಿ ರೋಮನ್ ಅಶ್ವಾರೋಹಿಯ ತಾಮ್ರಮಿಶ್ರಿತ ಶಿರಸ್ತ್ರಾಣವೊಂದು ದೊರೆಯಿತು. ಚಿನ್ನ ಬೆಳ್ಳಿಯದಲ್ಲದ ಒಂಟಿ ವಸ್ತುವಾದ್ದರಿಂದ ಅದು ‘ನಿಧಿ’ಯ ವ್ಯಾಖ್ಯೆಗೆ ಬರಲಿಲ್ಲ, ಅದೇ ವರ್ಷ ಹರಾಜಿನಲ್ಲಿ ಸುಮಾರು 23 ಲಕ್ಷ ಪೌಂಡಿಗೆ ಖಾಸಗಿಯವರ ಪಾಲಾಯಿತು. ಲೋಹದ ಜಾತಿಯನ್ನು ನೋಡಿ ಚರಿತ್ರೆಯ ಮಹತ್ತ್ವವನ್ನು ಅಳೆಯುವ ಈ ಮೌಢ್ಯವನ್ನು ಅವರು ತಿದ್ದಿಕೊಂಡದ್ದು 2023ರಲ್ಲಿ. ಆದರೂ ದೊರೆತ ಜಾಗ ಗೊತ್ತಿತ್ತು. ವಿದ್ವಾಂಸರು ಅಲ್ಲಿಗೆ ಹೋಗಿ ಅಗೆದು, ಶಿರಸ್ತ್ರಾಣದ ಸುತ್ತಲಿನ ಹಳೆಯ ವಸತಿಯನ್ನು ಅರಿಯಲು ಸಾಧ್ಯವಾಯಿತು. ವಸ್ತು ಕೈಬಿಟ್ಟರೂ ಅದರ ನೆಲೆ ಕೈಬಿಡಲಿಲ್ಲ.

ದಾಖಲಿಸುವುದೆಂದರೆ ನಿಧಿಗಳ್ಳರಿಗೆ ರಹದಾರಿ ಕೊಟ್ಟಂತೆ ಎಂಬ ಆಕ್ಷೇಪ ಗಂಭೀರವಾದದ್ದು. ಗರ್ಭಗುಡಿಯ ಪೀಠವನ್ನು ಕಿತ್ತು, ವೀರಗಲ್ಲಿನ ಬುಡವನ್ನು ಬಗೆಯುವ ದುರುಳರ ಕೈಗೆ ಲೋಹಶೋಧಕ ಯಂತ್ರವನ್ನು ಕೊಡುವ ಮಾತನ್ನು ಬುದ್ಧಿಯುಳ್ಳ ಯಾರೂ ಆಡರು. ಇಂಗ್ಲೆಂಡಿನ ಆ ಹವ್ಯಾಸ ಇಲ್ಲಿಗೆ ಬೇಕಿಲ್ಲ. ಆದರೆ ನೇಗಿಲಿಗೆ ತಗಲುವುದು, ಬಾವಿ ತೋಡುವಾಗ ಸಿಗುವುದು, ಕೆರೆಯ ಹೂಳೆತ್ತುವಾಗ, ಮನೆಯ ಪಾಯಕ್ಕೆ ಜೆಸಿಬಿ ಇಳಿಸಿದಾಗ ಮೇಲೆ ಬರುವುದು ಯಾರ ಪ್ರೋತ್ಸಾಹವನ್ನೂ ಕಾಯುವುದಿಲ್ಲ. 1891ರಲ್ಲಿ ಯಶವಂತಪುರದಲ್ಲಿ ರೈಲುಮಾರ್ಗದ ಕೆಲಸ ನಡೆಯುತ್ತಿದ್ದಾಗ 163 ರೋಮನ್ ಬೆಳ್ಳಿನಾಣ್ಯಗಳು ಹೊರಬಂದದ್ದು ಯಾವ ನಿಧಿಗಳ್ಳನ ದೆಸೆಯಿಂದಲೂ ಅಲ್ಲ. ಇನ್ನು, ದಾಖಲಾಗಿ ಚಿತ್ರಸಹಿತ ಪ್ರಕಟವಾದ ಬಿಂಬವನ್ನು ಕದ್ದು ಮಾರುವುದು, ದಾಖಲೆಯೇ ಇಲ್ಲದ ಬಿಂಬವನ್ನು ಮಾರುವುದಕ್ಕಿಂತ ಎಷ್ಟೋ ಕಷ್ಟ. ನಿಧಿಗಳ್ಳನಿಗೆ ಅನುಕೂಲವಾಗಿರುವುದು ಇಂದಿನ ಮೌನವೇ.

2007ರಲ್ಲಿ ಸ್ಮಾರಕ ಮತ್ತು ಪುರಾವಸ್ತುಗಳ ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ದೇಶದಲ್ಲಿ ಅಂದಾಜು 58 ಲಕ್ಷ ಪುರಾವಸ್ತುಗಳಿವೆಯೆಂದೂ ದಾಖಲಾದವು 16.8 ಲಕ್ಷವೆಂದೂ ಸಂಸದೀಯ ಸಮಿತಿಯ ಮುಂದೆ ಬಂದ ಲೆಕ್ಕ. ಈ ಎಣಿಕೆಯಾದರೂ ಬಹುಮಟ್ಟಿಗೆ ಈಗಾಗಲೇ ಸಂಗ್ರಹಗಳಲ್ಲಿರುವ ವಸ್ತುಗಳದು. ನೆಲದಿಂದ ಮೇಲೆದ್ದ ದಿನವೇ ವಸ್ತುವನ್ನು ಕಂಡು ಬರೆಯುವ ಕೈ ಇನ್ನೂ ಇಲ್ಲ.

ಆ ಕೈಗಳನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಪ್ರತಿ ಜಿಲ್ಲೆಯಲ್ಲೂ ಶಾಸನಪತ್ರಿಕೆಯನ್ನು ಓದಿದ ಕನ್ನಡ ಎಂ.ಎ. ವಿದ್ಯಾರ್ಥಿಗಳಿದ್ದಾರೆ, ಇತಿಹಾಸದ ಅಧ್ಯಾಪಕರಿದ್ದಾರೆ. ಸ್ಥಳವನ್ನು ಅಡಿಗಳ ಲೆಕ್ಕದಲ್ಲಿ ಗುರುತಿಸುವ ಮೊಬೈಲು ಎಲ್ಲರ ಜೇಬಿನಲ್ಲಿದೆ. ಬೇಕಾಗಿರುವುದು ಮೂರು. ದಾಖಲಿಸುವವನು ಜಫ್ತಿ ಮಾಡುವವನಾಗಿರಕೂಡದು. ನಿಗದಿತ ಅವಧಿಯೊಳಗೆ ತಿಳಿಸಿದವನ ಮೇಲೆ ಮೊಕದ್ದಮೆ ಹೂಡಕೂಡದು, ಮತ್ತು ಸರ್ಕಾರ ಪಡೆದ ವಸ್ತುವಿಗೆ ಲೋಹದ ದರವನ್ನು ಬಿಟ್ಟು ಅದರ ಯೋಗ್ಯತೆಗೆ ತಕ್ಕ ಬೆಲೆಯನ್ನು ಕಟ್ಟಬೇಕು. ದೊರೆತ ಜಾಗದ ಸೂಕ್ಷ್ಮ ವಿವರ ಸಂಶೋಧಕರಿಗೆ ಮಾತ್ರ ಸಿಗಬೇಕು. ಸಾರ್ವಜನಿಕ ಪುಟದಲ್ಲಿ ಹೋಬಳಿಯ ಹೆಸರು ಸಾಕು. ಇಂಗ್ಲೆಂಡಿನ ಕೋಶವೂ ನಿಖರವಾದ ಜಾಗವನ್ನು ಎಲ್ಲರ ಮುಂದೆ ತೆರೆದಿಡುವುದಿಲ್ಲ. 1878ರ ಹತ್ತು ರೂಪಾಯಿಯ ಗೆರೆಯನ್ನು ಅಳಿಸಿಹಾಕಿ, ಕಬ್ಬಿಣದ ಮೊಳೆಗೂ ಒಂದು ಸಾಲನ್ನು ಮೀಸಲಿಡುವ ಕೆಲಸಕ್ಕೆ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಸರ್ಕಾರದ ಆಜ್ಞೆಯನ್ನು ಕಾಯುತ್ತ ಕೂರಬೇಕಾದುದೂ ಇಲ್ಲ. ಹಳ್ಳಿ ಹಳ್ಳಿ ತಿರುಗಿ ತಾಳೆಗರಿ, ಜನಪದ ಗೀತೆಗಳನ್ನು ಕೂಡಿಸಿದಾಗ ಅವು ಯಾರ ಆಜ್ಞೆಯನ್ನೂ ಕಾಯಲಿಲ್ಲ.