ಹಿತ್ತಿಲ ಬೀಜ ಹಿತ್ತಿಲಲ್ಲೇ ಉಳಿಯಲಿ

ಮಳೆಗಾಲ ಮುಗಿದು ದೀಪಾವಳಿ ಸಮೀಪಿಸಿತೆಂದರೆ ಮಲೆನಾಡಿನ ಹಿತ್ತಿಲುಗಳಲ್ಲಿ ಹೂಗಿಡಗಳ ಕೆಲಸ ಆರಂಭವಾಗುತ್ತದೆ. ಈ ಕಾಲಕ್ಕೆ ಒಗ್ಗುವ ಗಿಡಗಳಲ್ಲಿ ಕ್ಯಾಲೆಂಡುಲವೂ ಒಂದು. ಮೆಡಿಟರೇನಿಯನ್ ಸೀಮೆಯ ಈ ಹೂವನ್ನು ಹಲವರು ಚೆಂಡುಹೂವೆಂದೇ ತಿಳಿಯುತ್ತಾರೆ. ಆದರೆ ಚೆಂಡುಹೂವು ಮೆಕ್ಸಿಕೋ ಮೂಲದ, ಬೇರೆಯೇ ಕುಲದ ಗಿಡ.

ಇದರ ಆರೈಕೆಗೆ ಹಣ ಬೇಕಿಲ್ಲ. ನೀರು ನಿಲ್ಲದ ಏರುಮಡಿ, ಬಿಸಿಲು, ಒಂದಿಷ್ಟು ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಬೀಜವನ್ನು ಸುಮಾರು 1 ಸೆಂ.ಮೀ. ಆಳದಲ್ಲಿ ಬಿತ್ತಿ, ಸಸಿಗಳ ನಡುವೆ 25ರಿಂದ 30 ಸೆಂ.ಮೀ. ಅಂತರವಿರಿಸಬೇಕು. ಗೊಬ್ಬರ ಅತಿಯಾದರೆ ಎಲೆ ಸೊಕ್ಕಿ ಹೂ ಕುಗ್ಗುತ್ತದೆ. ಬಾಡಿದ ಹೂ ಚಿವುಟುತ್ತಿದ್ದರೆ ಹೊಸ ಮೊಗ್ಗುಗಳು ಬರುತ್ತಲೇ ಇರುತ್ತವೆ.

ಚಿಂತೆಯ ವಿಷಯ ಬೇರೆಯದು. ಕುಡಿಗೆ ಸಸ್ಯಹೇನು ಮುತ್ತಿದೊಡನೆ ಕೀಟನಾಶಕಕ್ಕೆ ಕೈಚಾಚುವ ಅಭ್ಯಾಸ ತೋಟದಿಂದ ಹಿತ್ತಿಲಿಗೂ ಇಳಿದಿದೆ. ಹೇನನ್ನು ತಿನ್ನಲು ಗುಲಗಂಜಿ ಹುಳುಗಳು ತಾವಾಗಿಯೇ ಬರುತ್ತವೆ; ವಿಷ ಸಿಂಪಡಿಸಿದರೆ ಅವೂ ಸಾಯುತ್ತವೆ. ಹೂವಿಗೆ ಬಂದ ತುಡುವೆ, ಮಿಸರಿ ಜೇನುಗಳಿಗೂ ಉಳಿಗಾಲವಿಲ್ಲ. ಏಲಕ್ಕಿ, ಸೌತೆ, ಕುಂಬಳಗಳು ಕಾಯಿ ಕಚ್ಚಬೇಕಾದರೆ ಜೇನು ಬೇಕೆಂಬುದನ್ನು ಮರೆಯಲಾಗದು. ಹೇನು ಹತ್ತಿದ ಕುಡಿಯನ್ನು ನೀರಿನಿಂದ ತೊಳೆದರೆ, ಇಲ್ಲವೇ ಚಿವುಟಿ ತೆಗೆದರೆ ಸಾಕು.

ಎರಡನೆಯದು ಬೀಜದ ಪ್ರಶ್ನೆ. ಪ್ರತಿವರ್ಷವೂ ಪೊಟ್ಟಣ ಕೊಳ್ಳುವುದೇಕೆ? ಹೈಬ್ರಿಡ್ ಅಲ್ಲದ ಗಿಡದಲ್ಲಿ ನಾಲ್ಕಾರು ಹೂಗಳನ್ನು ಒಣಗಲು ಬಿಟ್ಟರೆ, ಕೊಕ್ಕೆಯಂತೆ ಬಾಗಿದ ಕಂದು ಬೀಜಗಳು ದೊರೆಯುತ್ತವೆ. ನೆರಳಿನಲ್ಲಿ ಆರಿಸಿ, ಮಳೆಗಾಲದ ತೇವ ತಾಗದಂತೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಕಾಪಿಡಬಹುದು. ಶಾಲಾ ಮಕ್ಕಳಿಗೂ ಇದು ಸುಲಭಸಾಧ್ಯ.

ಹೂವಿನ ಬೀಜ ಉಳಿಸಲು ಕಲಿತ ಕೈ ನಾಳೆ ಸೌತೆಯ, ಭತ್ತದ ಬೀಜವನ್ನೂ ಉಳಿಸೀತು. ಆ ಕಲಿಕೆ ಹಿತ್ತಿಲಿನಿಂದಲೇ ಮೊದಲಾಗಲಿ.