ಮೊದಲ ಗಿಟಾರಿನ ಬ್ರಿಜ್ ಅಲುಗದಿರಲಿ

ಎಲೆಕ್ಟ್ರಿಕ್ ಗಿಟಾರಿನ ಬ್ರಿಜ್ಜಿಗೆ ಸಿಕ್ಕಿಸುವ ಬಾಗಿದ ಕಡ್ಡಿಯನ್ನು ಅಂಗಡಿಯವರೂ ನುಡಿಸುವವರೂ ‘ಟ್ರೆಮೊಲೊ’ ಅನ್ನುತ್ತಾರೆ. ಹೆಸರೇ ತಪ್ಪು. ದನಿಯ ಜೋರು ಏರಿಳಿದರೆ ಟ್ರೆಮೊಲೊ, ಸ್ವರವೇ ಏರಿಳಿದರೆ ವೈಬ್ರಾಟೊ. 1954ರಲ್ಲಿ ಸ್ಟ್ರಾಟೊಕಾಸ್ಟರ್ ಹೊರತಂದ ಲಿಯೊ ಫೆಂಡರ್ ತಮ್ಮ ಬ್ರಿಜ್ಜನ್ನು ಟ್ರೆಮೊಲೊ ಎಂದು ಕರೆದರು. ಅವರದೇ ಕಂಪನಿಯ ಎಷ್ಟೋ ಆಂಪ್ಲಿಫೈಯರುಗಳಲ್ಲಿ ದನಿಯ ಜೋರನ್ನು ಏರಿಳಿಸುವ ಸೌಲಭ್ಯಕ್ಕೆ ‘ವೈಬ್ರಾಟೊ’ ಎಂಬ ಹೆಸರಿತ್ತು! ಅದಲುಬದಲಾದ ಆ ಪದಗಳನ್ನು ಇನ್ನು ಯಾರೂ ಸರಿಪಡಿಸಲಾರರು.

ಹೆಸರು ಹಾಗಿರಲಿ. ಕೊಳ್ಳುವವರು ಗಮನಿಸಬೇಕಾದ್ದು ಕಡ್ಡಿಯನ್ನಲ್ಲ, ಗಿಟಾರಿನ ಬೆನ್ನೊಳಗಿನ ಸ್ಪ್ರಿಂಗುಗಳನ್ನು. ತೇಲುವ ಬ್ರಿಜ್ಜಿನಲ್ಲಿ ಒಂದು ಕಡೆ ಆರು ತಂತಿಗಳ ಎಳೆತ, ಇನ್ನೊಂದು ಕಡೆ ಸ್ಪ್ರಿಂಗುಗಳ ಎಳೆತ. ಎರಡೂ ಸಮವಾದಾಗ ಮಾತ್ರ ಶ್ರುತಿ ನಿಲ್ಲುತ್ತದೆ. ಅಂದರೆ ಯಾವ ತಂತಿಯೂ ಸ್ವತಂತ್ರವಲ್ಲ. ಒಂದರ ಬಿರಡೆ ಬಿಗಿದರೆ ಉಳಿದ ಐದು ಇಳಿಯುತ್ತವೆ; ಒಂದು ಕಡಿದರೆ ಉಳಿದ ಐದೂ ಏರುತ್ತವೆ. ಕಛೇರಿಯ ನಡುವೆ ಹೀಗಾದರೆ ಹಾಡು ಅಲ್ಲಿಗೇ ಮುಗಿಯಿತು.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದು ಇನ್ನೂ ದೊಡ್ಡ ತೊಡಕು. ಅವರು ಗಿಟಾರು ಹಿಡಿದರೆ ಇಂದಲ್ಲ ನಾಳೆ ಒಂದು ತಂತಿಯಲ್ಲಿ ಷಡ್ಜ ಮೀಟಿ, ಇನ್ನೊಂದನ್ನು ಬೆರಳಿನಿಂದ ಎಳೆದು ಗಮಕ ತೆಗೆಯಲು ನೋಡುತ್ತಾರೆ. ತೇಲುವ ಬ್ರಿಜ್ಜಿನಲ್ಲಿ ಎಳೆದ ತಂತಿ ಏರುತ್ತಿದ್ದಂತೆ ಷಡ್ಜವೇ ಕೆಳಗೆ ಜಾರುತ್ತದೆ. ಕಲಿಯುವವರು ತಮ್ಮ ಕಿವಿಯನ್ನೇ ಅನುಮಾನಿಸುತ್ತಾರೆ, ತಪ್ಪು ಲೋಹದ್ದು ಎಂದು ತಿಳಿಯುವುದೇ ಇಲ್ಲ.

ಫ್ಲಾಯ್ಡ್ ರೋಸ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಬ್ರಿಜ್ ತಂತಿಯನ್ನು ಎರಡೂ ತುದಿಗಳಲ್ಲಿ ಬಿಗಿದು ಹಿಡಿಯುತ್ತದೆ. ಎಷ್ಟು ಒತ್ತಿ ಬಿಟ್ಟರೂ ಶ್ರುತಿ ಮರಳಲಿ ಎಂಬುದು ಅದರ ಉದ್ದೇಶ, ಎಡ್ಡಿ ವ್ಯಾನ್ ಹೇಲನ್ ಕೈಯಲ್ಲಿ ಅದು ಮಾಡಿದ್ದು ಸಣ್ಣ ಕೆಲಸವಲ್ಲ. ಆದರೆ ತಂತಿ ಬದಲಿಸಲು ಅಲೆನ್ ಕೀ, ಕಟಿಂಗ್ ಪ್ಲೇಯರ್, ಬೇಕಾದಷ್ಟು ತಾಳ್ಮೆ. ಅಗ್ಗದ ನಕಲುಗಳಲ್ಲಿ ಬ್ರಿಜ್ ಕೂರುವ ಅಂಚು ಬೇಗ ಸವೆದು, ಶ್ರುತಿ ಮರಳುವ ಭರವಸೆಯೂ ಹೋಗುತ್ತದೆ. ಮೊದಲ ಗಿಟಾರಿಗೆ ಅದು ಖಂಡಿತ ಬೇಡ. ಬಿಗ್ಸ್‌ಬಿ ಚೆಂದ, ಆದರೆ ಮೆಲುವಾದ ಅಲುಗಿಗಷ್ಟೇ.

ಹಾಗಾದರೆ ಕಡ್ಡಿಯೇ ದಂಡವೇ? ಜೆಫ್ ಬೆಕ್ ಅದನ್ನು ಅಂಗೈಯಲ್ಲಿಟ್ಟುಕೊಂಡೇ ರಾಗ ಹಾಡಿಸಿದರು. ನಿತಿನ್ ಸಾಹ್ನಿಯವರ ‘ನಾದಿಯಾ’ವನ್ನು 2001ರಲ್ಲಿ ಅವರು ನುಡಿಸಿದ್ದು ಕೇಳಿದರೆ ಈ ವಾದ ಸ್ವಲ್ಪ ಸಡಿಲವಾಗುತ್ತದೆ. ಆದರೆ ಎರಿಕ್ ಕ್ಲಾಪ್ಟನ್ ತಮ್ಮ ಸ್ಟ್ರಾಟೊಕಾಸ್ಟರಿನ ಬ್ರಿಜ್ ಅಲುಗದಂತೆ ಒಳಗೆ ಮರದ ತುಂಡು ಕೊಟ್ಟು ನಿಲ್ಲಿಸಿದ್ದರು ಎಂಬುದೂ ನಿಜ.

ಆಸೆ ಬಿಡಲಾಗದವರಿಗೆ ಒಂದು ನಡುದಾರಿ ಇದೆ. ಸ್ಟ್ರಾಟೊಕಾಸ್ಟರ್ ಮಾದರಿಯದನ್ನೇ ಕೊಂಡು, ಮೂರು ಸ್ಪ್ರಿಂಗಿದ್ದರೆ ಐದು ಹಾಕಿ, ಅವುಗಳ ಕೊಕ್ಕೆ ಹಿಡಿದ ಎರಡು ಸ್ಕ್ರೂ ಬಿಗಿದು, ಬ್ರಿಜ್ಜನ್ನು ಮರಕ್ಕೆ ಒತ್ತಿ ಕೂರಿಸಬೇಕು. ಆಮೇಲೆ ಸ್ವರವನ್ನು ಇಳಿಸಬಹುದು, ಏರಿಸಲಾಗದು. ನಾಳೆ ಮನಸ್ಸು ಬದಲಾದರೆ ಸ್ಕ್ರೂ ಸಡಿಲಿಸಿದರಾಯಿತು.

ಅಂಗಡಿಯಲ್ಲಿ ಪರೀಕ್ಷೆ ಸುಲಭ: ದಪ್ಪ ತಂತಿಯನ್ನು ಮೀಟಿ, ಅದು ಮೊಳಗುತ್ತಿರುವಾಗಲೇ ಮೂರನೆಯ ತಂತಿಯನ್ನು ಮೇಲಕ್ಕೆ ಎಳೆಯಿರಿ. ದಪ್ಪ ತಂತಿಯ ಸ್ವರ ಕುಸಿದರೆ, ಮಾರುವವರು ಬೆಲೆ ಇಳಿಸುವ ಮೊದಲೇ ಗಿಟಾರನ್ನು ಗೋಡೆಗೆ ತೂಗುಹಾಕಿ ಬನ್ನಿ.